ಒಲೆ ಹೊಕ್ಕ ಸುಶಿ

ಸುಶಿ ಎಂದೊಡನೆ ಹೆಚ್ಚಿನವರ ಕಣ್ಣೆದುರು ಬರುವುದು ಹಸಿ ಮೀನು. ವರ್ಷಗಟ್ಟಲೆ ಗುರುವಿನ ಕೈಕೆಳಗೆ ಪಳಗಿದ ಬಾಣಸಿಗ, ಅವನ ಹರಿತವಾದ ಚಾಕು, ಬೆರಳುದ್ದದ ಅನ್ನದುಂಡೆ, ಅದರ ಮೇಲೊಂದು ತೆಳು ಮೀನಿನ ಹೋಳು. ಇಂಥ ನಾಜೂಕಿನ ತಿನಿಸನ್ನು ಅಗಲವಾದ ಗಾಜಿನ ಪಾತ್ರೆಯಲ್ಲಿ ಹರಡಿ, ಒವನ್‌ನಲ್ಲಿ ಬೇಯಿಸಿ, ಮನೆಮಂದಿಯೆಲ್ಲ ಚಮಚದಲ್ಲಿ ಬಗೆದುಕೊಂಡು ತಿನ್ನುತ್ತಾರೆಂದರೆ? ‘ಸುಶಿ ಬೇಕ್’ ಎಂಬ ಈ ಅಡುಗೆಯನ್ನು ಕಂಡು ಮೂಗು ಮುರಿಯುವವರಿದ್ದಾರೆ. ಇದೂ ಸುಶಿಯೇ ಎಂದು ಅವರ ಪ್ರಶ್ನೆ. ಉತ್ತರ ಸುಶಿಯ ಚರಿತ್ರೆಯಲ್ಲೇ ಇದೆ.

ಹುಳಿಯೇ ಮೂಲ

‘ಸುಶಿ’ ಎಂಬ ಶಬ್ದಕ್ಕೂ ಮೀನಿಗೂ ನಂಟಿಲ್ಲ. ಹಳೆಯ ಜಪಾನಿ ಭಾಷೆಯಲ್ಲಿ ಅದರ ಅರ್ಥ ‘ಹುಳಿ’ ಎಂದಷ್ಟೇ. ಮೀನು ಕೆಡದಿರಲೆಂದು ಉಪ್ಪು ಹಚ್ಚಿ, ಅನ್ನದ ನಡುವೆ ಒತ್ತಿಟ್ಟು, ತಿಂಗಳುಗಟ್ಟಲೆ ಹುಳಿಯಲು ಬಿಡುವುದು ಇದರ ಅತಿ ಹಳೆಯ ರೂಪ. ಬಿವಾ ಸರೋವರದ ಸುತ್ತಮುತ್ತ ‘ಫುನಾಜುಶಿ’ ಎಂಬ ಹೆಸರಿನಲ್ಲಿ ಇದು ಇಂದಿಗೂ ಉಳಿದಿದೆ. ಆಗ ಅನ್ನ ಕೇವಲ ಸಾಧನ. ಮೀನು ತಿಂದು ಅನ್ನ ಬಿಸುಡುವುದೇ ವಾಡಿಕೆ.

ಕ್ರಮೇಣ ಕಾಯುವ ವ್ಯವಧಾನ ಕುಗ್ಗಿತು. ಹುಳಿಯಲು ಬಿಡುವ ಬದಲು ಅನ್ನಕ್ಕೆ ವಿನೆಗರ್ ಬೆರೆಸುವ ರೂಢಿ ಬಂತು. 1820ರ ದಶಕದಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಗಿರಾಕಿಯ ಎದುರಿಗೇ ಕೈಯಲ್ಲಿ ಒತ್ತಿ ಕೊಡುವ ಸುಶಿ ಜನಪ್ರಿಯವಾಯಿತು. ಹನಾಯ ಯೋಹೇಯಿ ಎಂಬ ವ್ಯಾಪಾರಿಗೆ ಇದರ ಶ್ರೇಯ ಸಲ್ಲುತ್ತದೆ. ಇಂದು ದುಬಾರಿ ಹೋಟೆಲುಗಳಲ್ಲಿ ಮೆರೆಯುವ ಸುಶಿ ಅಂದು ಅವಸರದವರ ಬೀದಿ ತಿನಿಸು!

ಕಡಲಾಚೆಯ ಬೆರಕೆ

1868ರಲ್ಲಿ ಸುಮಾರು 150 ಜಪಾನೀಯರು ಹವಾಯಿಗೆ ಕೂಲಿಗಾಗಿ ಹೋದರು. 1885ರಿಂದ ಸರ್ಕಾರಿ ಒಪ್ಪಂದದಡಿ ಸಾವಿರಾರು ಮಂದಿ ಅಲ್ಲಿನ ಕಬ್ಬಿನ ತೋಟಗಳನ್ನು ಸೇರಿದರು. ಚೀನಾ, ಪೋರ್ಚುಗಲ್, ಕೊರಿಯಾ, ಫಿಲಿಪೈನ್ಸ್‌ಗಳಿಂದ ಬಂದವರೂ ಅಲ್ಲಿದ್ದರು. ಒಬ್ಬರ ಅಡುಗೆ ಇನ್ನೊಬ್ಬರ ನಾಲಗೆಗೆ ಹತ್ತಿತು. ಆ ನೆಲದಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಕೂಟಗಳಲ್ಲಿ, ಸುಶಿ ಬೇಕ್ ಬಳಕೆಗೆ ಬಂತು. ಒಂದೊಂದೇ ಸುರುಳಿ ಸುತ್ತುತ್ತ ಕೂರುವ ಬದಲು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕುವ ಉಪಾಯವಿದು.

2020ರಲ್ಲಿ ಕೊರೊನಾ ಹಾವಳಿಗೆ ಫಿಲಿಪೈನ್ಸ್ ಬಾಗಿಲು ಮುಚ್ಚಿ ಕುಳಿತಾಗ ಈ ತಿನಿಸಿಗೆ ಹೊಸ ಜನ್ಮ ಬಂತು. ಅಲ್ಲಿ ಅನೇಕರು ಮನೆಯ ಒವನ್‌ನಲ್ಲೇ ಸುಶಿ ಬೇಕ್ ತಯಾರಿಸಿ ಮಾರತೊಡಗಿದರು. ಕತ್ತಿಯ ಚಮತ್ಕಾರ ಬೇಡದ ಸುಶಿ ಕಷ್ಟಕಾಲದಲ್ಲಿ ಹಲವರಿಗೆ ದುಡಿಮೆಯಾಯಿತು.

ಮಾಡುವ ಬಗೆ

ಇದರ ಜೀವ ಅನ್ನದಲ್ಲಿದೆ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ. ಆದ್ದರಿಂದ ಅಗುಳುಗಳು ಅಂಟಿಕೊಳ್ಳುತ್ತವೆ. ನಮ್ಮ ಸೋನಾಮಸೂರಿ ಉದುರುದುರಾಗುವುದರಿಂದ ಇದಕ್ಕೆ ಒಗ್ಗದು. ಎರಡು ಲೋಟ ಅಕ್ಕಿಯ ಅನ್ನಕ್ಕೆ ಕಾಲು ಲೋಟ ಅಕ್ಕಿ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು ಕದಡಿ ಬೆರೆಸಬೇಕು. ಅನ್ನ ಬಿಸಿಯಾಗಿದ್ದಾಗಲೇ ಬೆರೆಸಿದರೆ ಹುಳಿ ಒಳಗಿಳಿಯುತ್ತದೆ. ಅಗುಳು ಮುರಿಯಬಾರದು.

ಅನ್ನವನ್ನು ಪಾತ್ರೆಯಲ್ಲಿ ಹರಡಿ, ಎಳ್ಳು, ಕಡಲಪಾಚಿ, ಒಣಮೀನುಗಳ ಪುಡಿಯಾದ ‘ಫುರಿಕಾಕೆ’ಯನ್ನು ಉದುರಿಸಬೇಕು. ಅದರ ಮೇಲೆ ‘ಏಡಿ ಕಡ್ಡಿ’ಯ ಎಳೆಗಳನ್ನು ಮೇಯೊನೇಸ್, ಕ್ರೀಮ್ ಚೀಸ್, ಖಾರದ ಸಾಸ್‌ಗಳೊಡನೆ ಕಲಸಿ ಹಚ್ಚಬೇಕು. ಹೆಸರಿಗೆ ಏಡಿಯಾದರೂ ಈ ಕಡ್ಡಿ ಬಿಳಿ ಮೀನಿನ ಹಿಟ್ಟಿನಿಂದಾದದ್ದು. 1970ರ ದಶಕದಲ್ಲಿ ಜಪಾನಿನಲ್ಲೇ ರೂಪುಗೊಂಡಿತು. ಮೀನು ಒಲ್ಲದವರು ಹುರಿದ ಅಣಬೆ ಬಳಸಬಹುದು. ಆದರೆ ಫುರಿಕಾಕೆಯ ಬದಲು ಬರೀ ಎಳ್ಳು ಹಾಕಬೇಕು. 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಮೇಲ್ಭಾಗ ಕೆಂಪಗಾಗುತ್ತದೆ.

ತಿನ್ನುವಾಗ ಅಂಗೈಯಗಲದ ‘ನೋರಿ’ ಹಾಳೆಯ ಮೇಲೆ ಒಂದು ಚಮಚ ಇಟ್ಟು ಮಡಚಿಕೊಳ್ಳಬೇಕು. ನೋರಿಯನ್ನು ಒವನ್‌ಗೆ ಹಾಕುವಂತಿಲ್ಲ. ಅನ್ನದ ಹಬೆಗೆ ಮೆತ್ತಗಾಗಿಬಿಡುತ್ತದೆ.

ಈ ಕಡಲಪಾಚಿಯ ಹಾಳೆಯ ಹಿಂದೆಯೂ ಒಂದು ಕಥೆಯಿದೆ. ನೋರಿಯ ಬೀಜಕಣಗಳು ಬೇಸಿಗೆಯಲ್ಲಿ ಎಲ್ಲಿರುತ್ತವೆಂಬುದು ಜಪಾನಿನ ಬೆಳೆಗಾರರಿಗೆ ತಿಳಿದಿರಲಿಲ್ಲ. ಬೆಳೆ ಅದೃಷ್ಟದ ಮಾತಾಗಿತ್ತು. ಅವು ಚಿಪ್ಪುಗಳೊಳಗೆ ಬೆಳೆಯುತ್ತವೆಂದು 1949ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಕ್ಯಾಥ್ಲೀನ್ ಡ್ರೂ ಬೇಕರ್. ಮದುವೆಯಾದ ಕಾರಣಕ್ಕೆ ವಿಶ್ವವಿದ್ಯಾಲಯದ ಸಂಬಳದ ಹುದ್ದೆ ಕಳೆದುಕೊಂಡಾಕೆ ಅವರು. 1957ರಲ್ಲಿ ತೀರಿಕೊಂಡ ಅವರು ಜಪಾನನ್ನು ಕಂಡವರೇ ಅಲ್ಲ. 1963ರಲ್ಲಿ ಬೆಳೆಗಾರರು ಕುಮಾಮೊಟೊ ಪ್ರಾಂತದ ಉಟೊದಲ್ಲಿ ಅವರಿಗೆ ಸ್ಮಾರಕ ಕಟ್ಟಿಸಿದರು.

ಬಿವಾದ ಮೀನುಗಾರರು, ಎಡೊದ ವ್ಯಾಪಾರಿಗಳು, ಹವಾಯಿಯ ಕೂಲಿಗಳು, ಇಂಗ್ಲೆಂಡಿನ ಒಬ್ಬ ವಿಜ್ಞಾನಿ: ಇಷ್ಟು ಮಂದಿಯ ಪಾಲು ಇದರಲ್ಲಿದೆ. ಹುದುಗು ಹೋಯಿತು, ಹಸಿ ಮೀನು ಹೋಯಿತು, ಕೊನೆಗೆ ಉಂಡೆಯೂ ಹೋಯಿತು. ಉಳಿದದ್ದು ಹುಳಿ ಅನ್ನ. ಹೆಸರಿನ ಅರ್ಥವೂ ಅದೇ ಆಗಿರುವಾಗ ಸುಶಿ ಅಲ್ಲವೆನ್ನುವುದು ಹೇಗೆ?