ಬಾಲಾರಿಷ್ಟ ಕಳೆದ ಎಂಜಿನ್

ನಮ್ಮ ರಾಯಚೂರು ಜಿಲ್ಲೆಯ ಗುರುಗುಂಟಾದ ಅಮರೇಶ್ವರನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದವರಿದ್ದಾರೆ, ನಡೆದು ಬಂದವರಿದ್ದಾರೆ, ಬಸ್ಸಿನಲ್ಲಿ ನಿಂತೇ ಬಂದವರಿದ್ದಾರೆ. ಊರಿನ ತನಕ ರೈಲಿನಲ್ಲಿ ಬಂದವರು ಮಾತ್ರ ಯಾರೂ ಇಲ್ಲ. ಆ ದಿನವೂ ಬಂದೀತು ಎಂಬ ಆಸೆ ಈಗ ಹುಟ್ಟಿದೆ. 257 ಕಿ.ಮೀ. ಉದ್ದದ ಗದಗ–ವಾಡಿ ಮಾರ್ಗ 2013–14ರಲ್ಲಿ ಮಂಜೂರಾಗಿ, ತಳಕಲ್ ಕಡೆಯಿಂದ ತೆವಳುತ್ತ ಬಂದು 2025ರ ಮೇ ತಿಂಗಳಲ್ಲಿ ಕುಷ್ಟಗಿ ಮುಟ್ಟಿತು. ಮುಂದಿನ ಹಾದಿ ಲಿಂಗಸುಗೂರು, ಆಮೇಲೆ ಕೃಷ್ಣೆ ದಾಟಿ ಸುರಪುರ, ಶಹಾಪುರ, ವಾಡಿ. ದಕ್ಷಿಣದ ದಿಕ್ಕಿನಲ್ಲಿ ಗಿಣಿಗೇರಾ–ರಾಯಚೂರು ಮಾರ್ಗ ಇನ್ನೂ ಹಳೆಯದು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬನಗರ ಯೋಜನೆಯ ಭಾಗವಾದ ಅದು ಸಿಂಧನೂರಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ. ಮಂಜೂರಾದಾಗ ಹುಟ್ಟಿದ ಕೂಸು ಡಿಗ್ರಿ ಮುಗಿಸಿ ಕೆಲಸ ಹುಡುಕುವಷ್ಟು ಕಾಲ!

ರೈಲು ಎಂದು ಬಂದೀತು ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಅದನ್ನು ಎಳೆಯುವ ಎಂಜಿನ್ ಯಾವುದು ಎಂದು ಕೇಳುವವರು ಕಡಿಮೆ. ಹೊಸ ಮಾರ್ಗಗಳನ್ನು ಈಗ ವಿದ್ಯುತ್ ತಂತಿ ಸಹಿತವೇ ಯೋಜಿಸುತ್ತಾರೆ. ಹಾಗಾಗಿ ಈ ಎರೆನಾಡಿಗೆ ಬರುವ ದೂರದ ಪ್ರಯಾಣಿಕ ಗಾಡಿಗಳ ಮುಂದೆ ಹೆಚ್ಚಾಗಿ ಕಾಣಿಸುವುದು ಡಬ್ಲ್ಯುಎಪಿ–7. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಎ ಎಂದರೆ ಎಸಿ ವಿದ್ಯುತ್, ಪಿ ಎಂದರೆ ಪ್ಯಾಸೆಂಜರ್. ಆರು ಅಚ್ಚು, 123 ಟನ್ ತೂಕ, 6,000 ಅಶ್ವಶಕ್ತಿಗೂ ಮೀರಿದ ಬಲ. ಇವತ್ತು ನಂಬಿಕಸ್ತ ಎನಿಸಿಕೊಂಡ ಈ ಎಂಜಿನ್ ಹುಟ್ಟಿದ್ದೇ ಇನ್ನೊಂದರ ಸೋಲಿನಿಂದ.

ಕಥೆ 1993ಕ್ಕೆ ಹೋಗುತ್ತದೆ. ಅಲ್ಲಿಯವರೆಗಿನ ನಮ್ಮ ವಿದ್ಯುತ್ ಎಂಜಿನ್‌ಗಳು ಡಿಸಿ ಮೋಟಾರಿನವು. ಅವುಗಳಲ್ಲಿ ಇಂಗಾಲದ ಬ್ರಷ್ ಸವೆಯುತ್ತದೆ, ಕಿಡಿ ಹಾರುತ್ತದೆ, ಧೂಳು ಕೂರುತ್ತದೆ. ಬ್ರಷ್ಷೇ ಇಲ್ಲದ ಮೂರು ಫೇಸಿನ ಮೋಟಾರು ಬೇಕೆಂದು ರೈಲ್ವೆ ಆ ವರ್ಷ ಎಬಿಬಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ತಂತ್ರಜ್ಞಾನವನ್ನೂ ಕಲಿಸಿಕೊಡಬೇಕೆಂಬುದು ಕರಾರು. 1995ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಿಂದ ಪ್ರಯಾಣಿಕ ಗಾಡಿಗಳಿಗೆಂದು ಡಬ್ಲ್ಯುಎಪಿ–5, ಬೆನ್ನಿಗೇ ಸರಕಿಗೆಂದು ಡಬ್ಲ್ಯುಎಜಿ–9 ಬಂದವು. ಮೊದಲನೆಯದು ಗಂಟೆಗೆ 160 ಕಿ.ಮೀ. ಓಡಲೆಂದೇ ಹುಟ್ಟಿದ ಹಗುರ ಎಂಜಿನ್. ನಾಲ್ಕೇ ಅಚ್ಚು, 78 ಟನ್.

ಕಡಿಮೆ ಬೋಗಿಗಳ ಶತಾಬ್ದಿಯಂಥ ಗಾಡಿಗೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ನಮ್ಮ ದೇಶದ ಗಾಡಿ ಎಂದರೆ 24 ಬೋಗಿ. ಹಸಿ ಎರೆಹೊಲದಲ್ಲಿ ಹೂತ ಬಂಡಿಯನ್ನು ನೆನೆಸಿಕೊಳ್ಳಿ. ಎತ್ತು ಎಷ್ಟೇ ಬಲವಾಗಿದ್ದರೂ ಗೊರಸು ಜಾರಿದರೆ ಬಂಡಿ ಏಳುವುದಿಲ್ಲ. ಎಂಜಿನ್ನಿನದೂ ಅದೇ ಪಾಡು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಹಿಡಿತ ಪಡೆಯುವುದು ತೂಕದಿಂದ. 78 ಟನ್ನಿಗೆ ಇರುವ ಹಿಡಿತ ಅಷ್ಟಕ್ಕಷ್ಟೇ. ಭಾರದ ಗಾಡಿಯನ್ನು ನಿಂತಲ್ಲಿಂದ ಎಬ್ಬಿಸುವಾಗ, ಅದರಲ್ಲೂ ಹಳಿ ತೊಯ್ದಿದ್ದರೆ, ಗಾಲಿ ನಿಂತಲ್ಲೇ ತಿರುಗುತ್ತಿತ್ತು. ಮೋಟಾರಿನಲ್ಲಿ ಕಸುವಿಗೇನೂ ಕೊರತೆ ಇರಲಿಲ್ಲ.

ಇದೇ ತಪ್ಪು ನಮ್ಮ ಹುಬ್ಬಳ್ಳಿಯ ಕಣ್ಣೆದುರಿಗೆ ಮತ್ತೊಮ್ಮೆ ನಡೆಯಿತು. ಅಮೆರಿಕದ ಜನರಲ್ ಮೋಟಾರ್ಸ್ ವಿನ್ಯಾಸದ ಡಬ್ಲ್ಯುಡಿಪಿ–4 ಎಂಬ 4,000 ಅಶ್ವಶಕ್ತಿಯ ಪ್ರಯಾಣಿಕ ಡೀಸೆಲ್ ಎಂಜಿನ್‌ಗಳು 2001ರಲ್ಲಿ ಬಂದಾಗ ಅವುಗಳ ಮನೆ ಹುಬ್ಬಳ್ಳಿ ಶೆಡ್. ಆರು ಅಚ್ಚುಗಳಿದ್ದರೂ ಮೋಟಾರು ಇದ್ದದ್ದು ನಾಲ್ಕಕ್ಕೆ. ಹಿಡಿತ ಸಾಲದು ಎಂಬ ದೂರು ಇಲ್ಲಿಯೂ ಬಂತು. ಮುಂದೆ ಆರಕ್ಕೆ ಆರೂ ಮೋಟಾರು ಕೂರಿಸಿ ಹೊಸ ಮಾದರಿ ಮಾಡಿದರು. ಉದ್ದ ಮೂತಿ ಮುಂದಾಗಿ ಓಡಿಸುವಾಗ ಚಾಲಕನಿಗೆ ದಾರಿ ಸರಿಯಾಗಿ ಕಾಣದೆಂಬ ಇನ್ನೊಂದು ಗೋಳಿಗೆ ಎರಡೂ ತುದಿಯಲ್ಲಿ ಕ್ಯಾಬ್ ಇಟ್ಟು ಮಗದೊಂದು ಮಾದರಿ. ವಿದ್ಯುತ್ ವಿಭಾಗ ಕಲಿತ ಪಾಠವನ್ನು ಡೀಸೆಲ್ ವಿಭಾಗ ಓದಲಿಲ್ಲವೇ ಎಂದು ಈಗಲೂ ಕೇಳಬೇಕೆನಿಸುತ್ತದೆ.

ವಿದ್ಯುತ್ ಎಂಜಿನ್ನಿನ ಕಡೆ ಪರಿಹಾರ ಕಂಡುಕೊಂಡದ್ದು ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆ. ಅವರು ಮಾಡಿದ್ದು ಸರಳ ಕೆಲಸ, ಜಾಣ ಕೆಲಸ. ಸರಕಿನ ಡಬ್ಲ್ಯುಎಜಿ–9ರ ಆರು ಅಚ್ಚಿನ ಗಟ್ಟಿ ಮೈ ಹಾಗೇ ಇಟ್ಟು ಗೇರಿನ ಅನುಪಾತ ಬದಲಿಸಿದರು. ಎಳೆಯುವ ಬಲ ತಗ್ಗಿತು, ವೇಗ ಏರಿತು. 2000ರಲ್ಲಿ ‘ನವಕಿರಣ್’ ಎಂಬ ಹೆಸರಿನಲ್ಲಿ ಮೊದಲ ಡಬ್ಲ್ಯುಎಪಿ–7 ಹೊರಬಂತು. 160ರ ಓಟ ಇದಕ್ಕಿಲ್ಲ, ಸಾಮಾನ್ಯವಾಗಿ 130. ಆದರೆ 24 ಬೋಗಿಯ ಗಾಡಿಯನ್ನು ನಿಲ್ದಾಣದಿಂದ ಸಲೀಸಾಗಿ ಎಬ್ಬಿಸುತ್ತದೆ. ಹತ್ತಾರು ನಿಲ್ದಾಣಗಳಲ್ಲಿ ನಿಂತು ಹೊರಡುವ ನಮ್ಮ ಗಾಡಿಗಳಿಗೆ ಬೇಕಾದದ್ದು ಈ ಗುಣವೇ.

ಉಳಿದ ಬಾಲಾರಿಷ್ಟಗಳು ಎಲೆಕ್ಟ್ರಾನಿಕ್ಸಿನವು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಪ್ಯಾಂಟೋಗ್ರಾಫ್ ಅದನ್ನು ಇಳಿಸಿಕೊಂಡರೆ ಟ್ರಾನ್ಸ್‌ಫಾರ್ಮರ್ ತಗ್ಗಿಸುತ್ತದೆ, ಕನ್ವರ್ಟರ್ ಮೊದಲು ಡಿಸಿ ಮಾಡಿ ಮತ್ತೆ ಬೇಕಾದ ಆವರ್ತನದ ಮೂರು ಫೇಸಿಗೆ ತಿರುಗಿಸಿ ಮೋಟಾರಿಗೆ ಕೊಡುತ್ತದೆ. ಆ ಕನ್ವರ್ಟರಿನ ಹೊಟ್ಟೆಯಲ್ಲಿ ಮೊದಲು ಇದ್ದದ್ದು ಜಿಟಿಒ ಎಂಬ ಸ್ವಿಚ್ಚುಗಳು. ಅವನ್ನು ಆರಿಸಲು ಬೇರೆಯೇ ತೊಡಕಿನ ಸರ್ಕೀಟು ಬೇಕು, ಬಿಡಿಭಾಗಕ್ಕೆ ಹೊರದೇಶದ ಕಡೆ ನೋಡಬೇಕು. ಮುಂದೆ ಅವುಗಳ ಜಾಗಕ್ಕೆ ಐಜಿಬಿಟಿ ಎಂಬ ಬೇರೆ ಬಗೆಯ ಸ್ವಿಚ್ಚು ಬಂದ ಮೇಲೆ ತಾಪತ್ರಯ ಬಹಳಷ್ಟು ಇಳಿಯಿತು. ಯುರೋಪಿನ ತಂಪಿನಲ್ಲಿ ರೂಪುಗೊಂಡ ವಿನ್ಯಾಸ ನಮ್ಮ ಬಿಸಿಲಿಗೆ, ಧೂಳಿಗೆ ಹೊಂದಿಕೊಳ್ಳಲು ಹಿಡಿದ ಕಾಲವೇ ಬೇರೆ. ಯಂತ್ರದ ಕೋಣೆಗೆ ಶೋಧಿಸಿದ ತಂಪು ಗಾಳಿ ಊದುವ ಬ್ಲೋವರ್ ಇದೆ. ಅದರ ಮುಂದೆ ಕೂತು ಓಡಿಸುವ ಲೋಕೋ ಪೈಲಟ್ ಮಾತ್ರ ವರ್ಷಗಟ್ಟಲೆ ಬರೀ ಫ್ಯಾನಿನ ಕೆಳಗೆ ಬೆಂದ. ಕ್ಯಾಬಿಗೆ ಎಸಿ ಬರತೊಡಗಿದ್ದು ತೀರಾ ತಡವಾಗಿ. ಎಲೆಕ್ಟ್ರಾನಿಕ್ ಕಾರ್ಡಿಗೆ ಸಿಕ್ಕ ಕಾಳಜಿ ಕಾರ್ಮಿಕನಿಗೆ ಸಿಗಲು ಇಷ್ಟು ಕಾಲ ಬೇಕಿರಲಿಲ್ಲ. ರಾಯಚೂರಿನ ಮೇ ತಿಂಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆ ಎಂಜಿನ್ನಿಗೆ ಜನ್ಮ ಕೊಟ್ಟರೆ ಅದನ್ನು ಬಾಳಿಸುವುದು ಶೆಡ್. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷ್ಣರಾಜಪುರ ಮತ್ತು ಹುಬ್ಬಳ್ಳಿ, ಎರಡೂ ಡೀಸೆಲ್ ಶೆಡ್‌ಗಳಾಗಿ ಹೆಸರು ಮಾಡಿದವು. ಈಗ ವಿದ್ಯುತ್ ಎಂಜಿನ್‌ಗಳನ್ನೂ ಸಾಕುತ್ತಿವೆ. ಡೀಸೆಲ್ ಎಂಜಿನ್ನಿನ ಕಾಯಿಲೆ ಸದ್ದಿನಲ್ಲಿ, ಹೊಗೆಯ ಬಣ್ಣದಲ್ಲಿ, ಎಣ್ಣೆಯ ವಾಸನೆಯಲ್ಲಿ ತಿಳಿಯುತ್ತಿತ್ತು. ವಿದ್ಯುತ್ ಎಂಜಿನ್ನಿನ ಕಾಯಿಲೆ ಪರದೆಯ ಮೇಲೆ ಸಂದೇಶವಾಗಿ ಮೂಡುತ್ತದೆ. ಪಿಸ್ಟನ್ ಬಿಚ್ಚಿ ಪಳಗಿದ ಕೈಗಳು ಲ್ಯಾಪ್‌ಟಾಪ್ ಹಿಡಿದು ದೋಷದ ದಾಖಲೆ ಇಳಿಸಿಕೊಳ್ಳುವುದನ್ನು ಕಲಿಯಬೇಕಾಯಿತು. ಜೊತೆಗೆ ಛಾವಣಿಯ ಪಿಂಗಾಣಿ ಇನ್ಸುಲೇಟರ್ ಒರೆಸುವ, ಪ್ಯಾಂಟೋದ ಇಂಗಾಲದ ಪಟ್ಟಿ ಸವೆದಿದೆಯೇ ಎಂದು ನೋಡುವ ಹಳೆಯ ಬಗೆಯ ಕೆಲಸವೂ ತಪ್ಪಿಲ್ಲ.

ಪ್ರಯಾಣಿಕರಿಗೆ ನೇರವಾಗಿ ತಟ್ಟಿದ ಬದಲಾವಣೆ ಇನ್ನೊಂದು. ಹಿಂದೆ ಎಲ್‌ಎಚ್‌ಬಿ ಎಂಬ ಮಾದರಿಯ ಬೋಗಿಗಳ ದೀಪ, ಎಸಿಗೆ ಗಾಡಿಯ ಎರಡೂ ತುದಿಯ ಪವರ್ ಕಾರಿನಲ್ಲಿ ಡೀಸೆಲ್ ಜನರೇಟರ್ ಭೋರಿಡುತ್ತಿತ್ತು. ಈಗ ಆ ವಿದ್ಯುತ್ತನ್ನೂ ಎಂಜಿನ್ನೇ ತಂತಿಯಿಂದ ಇಳಿಸಿ ಹಿಂದಕ್ಕೆ ಕಳಿಸುತ್ತದೆ. ನಡುದಾರಿಯಲ್ಲಿ ಎಸಿ ಥಟ್ಟನೆ ನಿಂತು, ಕೆಲವು ಕ್ಷಣಗಳಲ್ಲಿ ಮತ್ತೆ ಶುರುವಾದರೆ ಗಾಬರಿಯಾಗಬೇಡಿ. ಒಂದು ಸಬ್‌ಸ್ಟೇಷನ್ನಿನ ಫೇಸ್ ಮುಗಿದು ಇನ್ನೊಂದರದು ಶುರುವಾಗುವ ಕಡೆ ತಂತಿಯಲ್ಲಿ ವಿದ್ಯುತ್ತಿಲ್ಲದ ತುಣುಕೊಂದಿರುತ್ತದೆ. ಅದು ನ್ಯೂಟ್ರಲ್ ಸೆಕ್ಷನ್. ಅಲ್ಲಿ ಪೈಲಟ್ ಸರ್ಕೀಟ್ ಕಡಿದು, ಓಡುತ್ತಿರುವ ವೇಗದಲ್ಲೇ ಗಾಡಿ ದಾಟಿಸುತ್ತಾನೆ.

ಸೋತ ಡಬ್ಲ್ಯುಎಪಿ–5 ಮೂಲೆ ಸೇರಲಿಲ್ಲ. 2023ರ ಡಿಸೆಂಬರ್ 30ರಂದು ಚಾಲನೆ ಪಡೆದ ಮಾಲ್ದಾ–ಬೆಂಗಳೂರು ಅಮೃತ್ ಭಾರತ್ ಗಾಡಿಗೆ ಮುಂದೊಂದು, ಹಿಂದೊಂದು ಈ ಎಂಜಿನ್ ಕಟ್ಟಿದ್ದಾರೆ. ಒಂದು ಎಳೆದರೆ ಇನ್ನೊಂದು ನೂಕುತ್ತದೆ. ಒಂಟಿಯಾಗಿ ಸಾಲದ ಹಿಡಿತ ಜೋಡಿಯಾಗಿ ಸಾಕಾಯಿತು. 2024ರ ಮಾರ್ಚ್‌ನಿಂದ ರಾಯಚೂರು ಹಾದು ಓಡುವ ಕಲಬುರಗಿ–ಬೆಂಗಳೂರು ವಂದೇ ಭಾರತ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ಎಂಜಿನ್ನೇ ಇಲ್ಲ, ಮೋಟಾರುಗಳು ಬೋಗಿಗಳ ಅಡಿಯಲ್ಲೇ ಇವೆ.

ಹೊಗೆಯಿಲ್ಲದ ಗಾಡಿ ಎಂದು ಹೊಗಳುವವರಿಗೆ ನಮ್ಮ ಜಿಲ್ಲೆಯವರು ಒಂದು ಮಾತು ಹೇಳಬಹುದು. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರಕ್ಕೆ ಕಲ್ಲಿದ್ದಲು ಬರುವುದು ರೈಲಿನಲ್ಲೇ. ತಂತಿಯಲ್ಲಿ ಹರಿಯುವುದು ಇನ್ನೂ ಬಹುಪಾಲು ಕಲ್ಲಿದ್ದಲಿನ ಕರೆಂಟು. ಹೊಗೆ ಹಳಿ ಬಿಟ್ಟು ಚಿಮಣಿ ಏರಿದೆ, ಅಷ್ಟೇ.

ಎಂಜಿನ್ ತನ್ನ ಬಾಲ್ಯ ದಾಟಿದೆ. ತಂತಿ ಮಾತ್ರ ನಮ್ಮ ಊರುಗಳಿಗೆ ಹೊಸದಾಗಿ ಬರುವಂಥದ್ದು. ಇದು ಪಂಪ್‌ಸೆಟ್ಟಿನ ಲೈನಲ್ಲ. 25,000 ವೋಲ್ಟಿನ ತಂತಿಯನ್ನು ಮುಟ್ಟುವುದೇ ಬೇಡ, ತೀರಾ ಹತ್ತಿರ ಹೋದರೂ ಸೆಳೆದು ಸುಡುತ್ತದೆ. ಅದರಿಂದ ಕನಿಷ್ಠ 2 ಮೀಟರ್ ದೂರವಿರಬೇಕು. ನಿಂತ ಬೋಗಿಯ ಮೇಲೆ ಸೆಲ್ಫಿಗೆಂದು ಹತ್ತಬಾರದು. ಬೋರ್‌ವೆಲ್ ಪೈಪನ್ನು ನೆಟ್ಟಗೆ ಹಿಡಿದು ಹಳಿ ದಾಟಬಾರದು. ಗೇಟಿನ ಎರಡೂ ಬದಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸುವ ಎತ್ತರದ ಕಮಾನಿಗೆ 4.67 ಮೀಟರ್ ಮಿತಿ. ಹತ್ತಿ, ಮೇವು ಹೇರಿದ ಲಾರಿ ಮತ್ತು ಟ್ರ್ಯಾಕ್ಟರುಗಳು ಆ ಮಿತಿ ಮೀರದಂತೆ ಹೊರೆ ಕಟ್ಟಬೇಕು. ಗುರುಗುಂಟಾ, ಲಿಂಗಸುಗೂರು, ಮಸ್ಕಿ ಕಡೆಯ ಶಾಲೆಗಳಲ್ಲಿ ಈ ಮಾತನ್ನು ತಂತಿಗೆ ಕರೆಂಟು ಬಿಡುವ ಮೊದಲೇ ಮಕ್ಕಳಿಗೆ ಹೇಳಲು ಶುರುಮಾಡಿ.