ದೇಶದೇಶಗಳ ಗೃಹವಿಜ್ಞಾನ ಮತ್ತು ನಮ್ಮ ಅಡಿಗೆಮನೆ

ಸಂಸಾರದ ಸುಖವು ಗೃಹಿಣಿಯ ಆರೋಗ್ಯವನ್ನು ಅವಲಂಬಿಸಿದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ, ಹೊಲದಲ್ಲಿಯೂ ಮನೆಯಲ್ಲಿಯೂ ದುಡಿಯುವ ಹೆಣ್ಣುಮಗಳು ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುತ್ತಾಳೆ. ಬಿಳಿಚಿದ ಮುಖ, ಏದುಸಿರು, ಸದಾ ಆಯಾಸ ಇವು ರಕ್ತಹೀನತೆಯ ಲಕ್ಷಣಗಳು. ಗರ್ಭಿಣಿಯಲ್ಲಿ ಇದು ತೀವ್ರವಾದರೆ ಹೆರಿಗೆಯ ಕಾಲದಲ್ಲಿ ತಾಯಿಯ ಜೀವಕ್ಕೇ ಅಪಾಯ. ಶಿಶುವೂ ಕಡಿಮೆ ತೂಕದ್ದಾಗಿ ಜನಿಸಬಹುದು.

ಗೃಹವಿಜ್ಞಾನವೆಂದರೇನು?

ಆಹಾರ, ಶಿಶುಪಾಲನೆ, ಉಡುಪು, ಮನೆಯ ಆಯವ್ಯಯ ಇವುಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸುವುದೇ ಗೃಹವಿಜ್ಞಾನ. ಈ ಕ್ಷೇತ್ರದ ತಜ್ಞರು ತಮ್ಮ ಅನುಭವಗಳನ್ನು ಪರಸ್ಪರ ಹಂಚಿಕೊಳ್ಳಲೆಂದು 1908ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಅಂತರರಾಷ್ಟ್ರೀಯ ಗೃಹವಿಜ್ಞಾನ ಒಕ್ಕೂಟವು ಸ್ಥಾಪನೆಗೊಂಡಿತು. ಪ್ರತಿ ವರ್ಷ ಮಾರ್ಚ್ 21ನ್ನು ವಿಶ್ವ ಗೃಹವಿಜ್ಞಾನ ದಿನವನ್ನಾಗಿ ಆಚರಿಸಲಾಗುತ್ತದೆ.

ನಮ್ಮ ಭಾಗದಲ್ಲಿ ಈ ವಿದ್ಯೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವು ನೆಲೆಯಾಯಿತು. ಇಂದು ಅದು ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆನಿಸಿದೆ. ಇಂತಹ ವಿದ್ಯೆಯನ್ನು ಕೃಷಿ ವಿಜ್ಞಾನ ಕೇಂದ್ರಗಳು ಹಳ್ಳಿಗಳಿಗೆ ತಲುಪಿಸುತ್ತವೆ. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ, ನಮ್ಮ ಬಿಳಿಜೋಳವೂ ಆ ಗೌರವಕ್ಕೆ ಪಾತ್ರವಾಯಿತು.

ಅಡಿಗೆಮನೆಗೆ ಬಂದ ಅರಿವು

ಜೋಳದಲ್ಲಿಯೂ ಕಾಳುಗಳಲ್ಲಿಯೂ ಸೊಪ್ಪಿನಲ್ಲಿಯೂ ಕಬ್ಬಿಣದ ಅಂಶವಿದೆ. ಆದರೆ ಅವುಗಳಲ್ಲಿಯೇ ಇರುವ ಕೆಲವು ವಸ್ತುಗಳು ಆ ಅಂಶವನ್ನು ಹಿಡಿದಿಡುವುದರಿಂದ ಅದರ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಹುಳಿಹಣ್ಣುಗಳಲ್ಲಿರುವ 'ಸಿ' ಜೀವಸತ್ವವು ಈ ತಡೆಯನ್ನು ಸಡಿಲಿಸುತ್ತದೆಂದು ಹಲವು ದೇಶಗಳ ವಿಜ್ಞಾನಿಗಳು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಅಂತಹ ಹಣ್ಣು ನಮ್ಮಲ್ಲಿಯೇ ಹೇರಳವಾಗಿದೆ. ಇಂಡಿಯ ಲಿಂಬೆಯು ದೂರದ ಪೇಟೆಗಳಿಗೆ ಹೋಗುತ್ತದೆ. ಅದು ನಮ್ಮ ತಟ್ಟೆಗೂ ಬರಬೇಕಲ್ಲವೆ?

ಅನುಸರಿಸಬೇಕಾದ ಕ್ರಮಗಳು

1. ರೊಟ್ಟಿಯೊಡನೆ ಮೆಂತ್ಯೆ, ರಾಜಗಿರಿ ಮುಂತಾದ ಸೊಪ್ಪಿನ ಪಲ್ಯವನ್ನು ಪ್ರತಿದಿನ ಸೇವಿಸಿರಿ.

2. ಲಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿರಿ. ಕುದಿಸಿದರೆ 'ಸಿ' ಜೀವಸತ್ವವು ನಷ್ಟವಾಗುತ್ತದೆ.

3. ಹೆಸರು, ಮಡಕೆ ಕಾಳುಗಳನ್ನು ಮೊಳಕೆ ಬರಿಸಿ ಬಳಸಿರಿ. ಮೊಳೆತಾಗ ತಡೆಯೊಡ್ಡುವ ವಸ್ತು ಕಡಿಮೆಯಾಗಿ 'ಸಿ' ಜೀವಸತ್ವ ಹೆಚ್ಚುತ್ತದೆ.

4. ಊಟದ ಜೊತೆಗೆ ಚಹಾ ಬೇಡ. ಒಂದು ಗಂಟೆಯ ಅಂತರವಿರಲಿ.

ಮಾತ್ರೆಯೂ ಅವಶ್ಯಕ

ಗರ್ಭಿಣಿಗೆ ಆಹಾರವೊಂದೇ ಸಾಲದು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವೈದ್ಯರ ಸಲಹೆಯಂತೆ ಚಿಕಿತ್ಸೆ ಪಡೆಯಬೇಕು. ರಕ್ತಹೀನತೆ ಇಲ್ಲದಿದ್ದರೂ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಸೇವಿಸಬೇಕು. ಮಲವು ಕಪ್ಪಾದರೆ ಅಂಜಬೇಕಾಗಿಲ್ಲ. ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ.

ಪತಿಯ ಕರ್ತವ್ಯ

ಈ ಅರಿವು ಎಷ್ಟು ದೂರದಿಂದ ಬಂದಿದ್ದರೂ ಹೊಸ್ತಿಲು ದಾಟಿಸಬೇಕಾದವರು ಮನೆಯವರೇ. ಗೃಹವಿಜ್ಞಾನವು ಹೆಣ್ಣುಮಕ್ಕಳ ವಿಷಯ ಮಾತ್ರವೆಂದು ತಿಳಿಯುವುದು ತಪ್ಪು. ಸಂತೆಯಿಂದ ಸೊಪ್ಪು, ಕಾಳು ತರುವುದು, ಪತ್ನಿಯನ್ನು ತಪಾಸಣೆಗೆ ಕರೆದೊಯ್ಯುವುದು ಪತಿಯ ಹೊಣೆ. ಎಲ್ಲಕ್ಕೂ ಮಿಗಿಲಾಗಿ, ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿಯನ್ನು ಇಂದಿನಿಂದಲೇ ಆರಂಭಿಸಿರಿ. ತಾಯಿಯ ತಟ್ಟೆ ತುಂಬಿದ್ದರೆ ತೊಟ್ಟಿಲ ಮಗುವೂ ನಗುತ್ತಿರುವುದು.