ಹತ್ತು ಸಾವಿರ ಟನ್ ಕಬ್ಬು, ನಾಲ್ಕು ಗ್ರಾಂ ಖನಿಜ

ಉಗಾರ ಖುರ್ದದಲ್ಲಿ ಲೆಕ್ಕವೆಂದರೆ ಟನ್ನಿನ ಲೆಕ್ಕ. ಕೃಷ್ಣೆಯ ದಂಡೆಯ ಈ ಊರಿನ ಸಕ್ಕರೆ ಕಂಪನಿ ಹುಟ್ಟಿದ್ದು 1939ರಲ್ಲಿ. ಅಂದಿನಿಂದಲೂ ಇಲ್ಲಿಯ ರೈತನ ವರ್ಷದ ಗಳಿಕೆಯನ್ನು ತೂಕದ ಕಾಟಾ ಹೇಳುತ್ತದೆ. ಇಂಥ ಊರಿನಲ್ಲಿ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲಿನ ಮಾತು ತೆಗೆದರೆ ನಗು ಬಂದೀತು. ಆದರೂ ತೆಗೆಯೋಣ.

ಸೆಲೆನಿಯಂ ಎಂಬ ಖನಿಜವಿಲ್ಲದೆ ನಮ್ಮ ಥೈರಾಯ್ಡ್ ಸರಿಯಾಗಿ ನಡೆಯದು. ದೊಡ್ಡವರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು ಎನ್ನುತ್ತದೆ ಅಮೆರಿಕದ ಮಾನದಂಡ. ಹಾಗಾದರೆ ಒಂದೇ ಒಂದು ಗ್ರಾಂ ಒಬ್ಬ ಮನುಷ್ಯನಿಗೆ ಐವತ್ತು ವರ್ಷ ಬರುತ್ತದೆ. ಹಂಚಿ ಉಂಡರೆ 18,000 ಜನರ ಒಂದು ದಿನ ಕಳೆಯುತ್ತದೆ. ಅಷ್ಟೂ ಸಿಗದ ನೆಲಗಳಿವೆ. ಚೀನಾದ ಕೆಶಾನ್ ಸೀಮೆಯಲ್ಲಿ 1935ರಲ್ಲಿ ಕಾಣಿಸಿಕೊಂಡ ಮಾರಕ ಹೃದಯರೋಗಕ್ಕೆ ಈ ಖನಿಜದ ಕೊರತೆಯೇ ದೊಡ್ಡ ಕಾರಣವೆಂದು ಮುಂದೆ ತಿಳಿಯಿತು.

ಕೊರತೆ ತುಂಬಲು ವಿಜ್ಞಾನಿಗಳು ಹಿಡಿದ ದಾರಿಗಳಲ್ಲಿ ಅಣಬೆಯೂ ಒಂದು. ಬ್ರೆಜಿಲ್‌ನ ವಿಸೋಸಾ ವಿಶ್ವವಿದ್ಯಾಲಯದವರು ಕಾಫಿ ಹೊಟ್ಟಿಗೆ ಸೆಲೆನಿಯಂ ಲವಣ ಬೆರೆಸಿ ಅದರ ಮೇಲೆ ಚಿಪ್ಪಣಬೆ ಬೆಳೆದರು. ಅಣಬೆಯ ಎಳೆಗಳು ಲವಣವನ್ನು ಹೀರಿ, ಒಂದು ಪಾಲನ್ನು ತಮ್ಮ ಪ್ರೋಟೀನಿನೊಳಗೇ ಸೇರಿಸಿಕೊಳ್ಳುತ್ತವೆ.

ಕಾಫಿ ಹೊಟ್ಟಿನ ಜಾಗದಲ್ಲಿ ಕಬ್ಬಿನ ಸಿಪ್ಪೆ ಇಡೋಣ. ಚಿಪ್ಪಣಬೆ ಅದರ ಮೇಲೂ ಬೆಳೆಯುತ್ತದೆ. ದಿನಕ್ಕೆ 10,000 ಟನ್ ಕಬ್ಬು ಅರೆಯುವ ಒಂದು ಕಾರ್ಖಾನೆ ಇದೆಯೆನ್ನಿ. ಸುಮಾರು 3,000 ಟನ್ ಹಸಿ ಸಿಪ್ಪೆ ಬೀಳುತ್ತದೆ, ಒಣಗಿಸಿದರೆ 1,500 ಟನ್. ಅದು ಬಾಯ್ಲರಿನ ಪಾಲು. ಉರಿದು ಹಬೆಯಾಗುತ್ತದೆ, ಕರೆಂಟಾಗುತ್ತದೆ. ನೂರರಲ್ಲಿ ಒಂದೇ ಪಾಲು, ಅಂದರೆ 15 ಟನ್, ಅಣಬೆಗೆ ಬಿಟ್ಟರೂ ಅರ್ಧ ತೂಕದ ಲೆಕ್ಕದಲ್ಲಿ 7,500 ಕಿಲೋ ಹಸಿ ಅಣಬೆ. ತಲೆಗೆ 100 ಗ್ರಾಂನಂತೆ 75,000 ಜನಕ್ಕೆ ಪಲ್ಯ. ಒಂದೊಂದು ಪಾಲಿನಲ್ಲೂ 50 ಮೈಕ್ರೋಗ್ರಾಂ ಇರಬೇಕಾದರೆ ಆ ಇಡೀ ರಾಶಿಯಲ್ಲಿ ಇರಬೇಕಾದ ಸೆಲೆನಿಯಂ 3.75 ಗ್ರಾಂ. ಚಹಾಕ್ಕೆ ಹಾಕುವ ಒಂದು ಚಮಚ ಸಕ್ಕರೆಯಷ್ಟು ತೂಕ!

ಹಿಗ್ಗುವ ಮೊದಲು ಇನ್ನೊಂದು ಅಂಕಿ ನೋಡಬೇಕು: 400. ದಿನಕ್ಕೆ ಅಷ್ಟು ಮೈಕ್ರೋಗ್ರಾಂ ಮೀರಬಾರದೆಂದು ಅದೇ ಅಮೆರಿಕದ ಮಾನದಂಡ ಗೆರೆ ಎಳೆದಿದೆ. ಬೇಕಾದದ್ದಕ್ಕೂ ಮೀರಬಾರದ್ದಕ್ಕೂ ನಡುವೆ ಇರುವುದು ಏಳು ಪಟ್ಟಿನ ಅಂತರ ಮಾತ್ರ. ಪಂಜಾಬಿನ ನವಾಂಶಹರ, ಹೋಶಿಯಾರಪುರ ಭಾಗದ ಕೆಲವು ಹೊಲಗಳಲ್ಲಿ ಈ ಖನಿಜ ಅತಿಯಾಗಿದೆ. ಅಲ್ಲಿಯ ಮೇವು ತಿಂದ ದನಗಳ ಗೊರಸು ಬಿರಿದು ಕಳಚುತ್ತವೆ. ಅಲ್ಲಿಯ ಗೋಧಿ ಹುಲ್ಲಿನ ಮೇಲೆ ಸಂಶೋಧಕರು ಅಣಬೆ ಬೆಳೆದರು. ಯಾವ ಲವಣವನ್ನೂ ಬೆರೆಸದೆಯೇ ಅಣಬೆಗೆ ಸೆಲೆನಿಯಂ ಏರಿತು.

ಅಣಬೆಗೆ ಸಾಕು ಎನ್ನುವುದು ಬೇಗ ಗೊತ್ತಾಗುವುದಿಲ್ಲ. ಹಸಿ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ನೀರು. 100 ಗ್ರಾಂನಲ್ಲಿ ಉಳಿಯುವ 10 ಗ್ರಾಂ ಒಣ ಪದಾರ್ಥದಲ್ಲಿ, ಗ್ರಾಮಿಗೆ 5 ಮೈಕ್ರೋಗ್ರಾಂ ಇದ್ದರೆ ಊಟ. 100 ಇದ್ದರೆ ಒಂದೇ ತಟ್ಟೆಯಲ್ಲಿ 1,000 ಮೈಕ್ರೋಗ್ರಾಂ, ಗೆರೆಯ ಎರಡೂವರೆ ಪಟ್ಟು. ಪ್ರಯೋಗಗಳಲ್ಲಿ ಅಣಬೆ ಅದನ್ನೂ ಮೀರಿ ಹೀರಿದ್ದುಂಟು. ಎರಡೂ ತಟ್ಟೆಗಳನ್ನು ಕಣ್ಣಿನಿಂದ ಬೇರೆ ಮಾಡಲಾಗದು. ಆದ್ದರಿಂದ ಈ ಬೆಳೆಯನ್ನು ಬರೀ ತೂಗಿ ಮಾರುವಂತಿಲ್ಲ. ಪ್ರಯೋಗಾಲಯದಲ್ಲಿ ಅಳೆಸಿ, ಮೈಕ್ರೋಗ್ರಾಂ ಎಷ್ಟೆಂದು ಪೊಟ್ಟಣದ ಮೇಲೆ ಬರೆದೇ ಮಾರಬೇಕು.